ಸಿಂಥ್‌ಗೆ (ಸಿಂಥಸೈಸರ್) ಮನೆಯಲ್ಲೇ ಅನಲಾಗ್ ಫೇಸರ್ ಕಟ್ಟುವಾಗ 4 ಹಂತ ಸಾಕಾ, 8 ಬೇಕಾ?

ನಾನೂ ಇದೇ ಲೆಕ್ಕ ಹಾಕಿ ಕೂತವನು. ಫೇಸರ್ ಅಂದರೆ ದನಿಯ ಕೆಲವು ಫ್ರೀಕ್ವೆನ್ಸಿಗಳನ್ನು ತಗ್ಗಿಸಿ, ಆ ತಗ್ಗುಗಳನ್ನು ಮೇಲೆ ಕೆಳಗೆ ಓಡಾಡಿಸುವ ಸರ್ಕ್ಯೂಟ್; ಹಂತ ಅಂದರೆ ಅದರೊಳಗೆ ಸಾಲಾಗಿ ಬರುವ ಪುಟ್ಟ ಸರ್ಕ್ಯೂಟ್. ಎರಡು ಹಂತಕ್ಕೆ ದನಿಯಲ್ಲಿ ಒಂದು ತಗ್ಗು, ಎಂಟಕ್ಕೆ ನಾಲ್ಕು. ಲೆಕ್ಕ ತಪ್ಪಿರಲಿಲ್ಲ.

ಧಾರವಾಡದಲ್ಲಿ ಡಿಪ್ಲೊಮಾ ಕೊನೆಯ ವರ್ಷ. ರೂಮಿನಲ್ಲಿದ್ದ ದೋಸ್ತ ಹುಬ್ಬಳ್ಳಿಯ ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ. ಗಣಪತಿ ಹಬ್ಬಕ್ಕೆ ಫೇಸರ್ ಬೇಕಂದ. 1974ರ ಎಂಎಕ್ಸ್‌ಆರ್ ಫೇಸ್ 90 ಅನ್ನೋ ಫೇಸರ್ ಪೆಡಲ್ ನಾಲ್ಕೇ ಹಂತದ್ದು, ನಾನು ಎಂಟು ಹಾಕ್ತೀನಿ ಅಂತ ಜಂಬ ಕೊಚ್ಚಿದೆ. ಫೆರಿಕ್ ಕ್ಲೋರೈಡ್‌ನಲ್ಲಿ ಬೋರ್ಡಿನ ಬೇಡದ ತಾಮ್ರ ಕರಗಿಸಿ ತೆಗೆದು, ಬಕೆಟ್ಟಿಗೂ ಲುಂಗಿಗೂ ಕಂದು ಕಲೆ ಮಾಡಿಕೊಂಡೆ. ಜೆಫೆಟ್ ಅನ್ನೋ ಜಾತಿಯ ಟ್ರಾನ್ಸಿಸ್ಟರ್ ಬೇಕಿತ್ತು. ಸಿಕ್ಕಿದ್ದು ನಮ್ಮ ಲ್ಯಾಬಿನ ಹಳೇ ಪರಿಚಯ, ಬಿಎಫ್‌ಡಬ್ಲ್ಯೂ10. ಲೋಹದ ಟೋಪಿ, ನಾಲ್ಕು ಕಾಲು. ಎಂಟು ತಂದೆ, ಎಂಟನ್ನೂ ಅಳೆಯದೆ ಸೋಲ್ಡರ್ ಮಾಡಿದೆ.

ಕೆಟ್ಟದ್ದೇ ಅಲ್ಲಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ರತಿ ಹಂತದಲ್ಲೂ ಜೆಫೆಟ್ ಒಂದು ರೆಸಿಸ್ಟರ್ ಥರ ಕೆಲಸ ಮಾಡುತ್ತದೆ. ಗೇಟ್ ಅನ್ನೋ ಕಾಲಿನ ವೋಲ್ಟೇಜ್ ಏರಿಳಿದ ಹಾಗೆ ಸೋರ್ಸ್, ಡ್ರೇನ್ ಅನ್ನೋ ಕಾಲುಗಳ ನಡುವಿನ ರೆಸಿಸ್ಟನ್ಸ್ ಬದಲಾಗುತ್ತದೆ, ತಗ್ಗುಗಳು ಜಾಗ ಬಿಟ್ಟು ಓಡಾಡುತ್ತವೆ. ಆದರೆ ಗೇಟಿಗೆ ಹೋಗುವ ವೋಲ್ಟೇಜ್ ಎಂಟಕ್ಕೂ ಒಂದೇ. ಜೆಫೆಟ್‌ಗಳು ಮಾತ್ರ ಒಂದೇ ಅಲ್ಲ. ಗೇಟ್ ಸೋರ್ಸ್‌ಗಿಂತ 2.9 ವೋಲ್ಟ್ ಕೆಳಗಿಳಿದರೇ ಒಂದು ಬಾಗಿಲು ಮುಚ್ಚುತ್ತದೆ, ಇನ್ನೊಂದು 5.6ರವರೆಗೂ ಮುಚ್ಚಲ್ಲ. ನನ್ನ ಸರ್ಕ್ಯೂಟಿನಲ್ಲಿ ಸೋರ್ಸ್ ನಿಂತಿದ್ದು ವೋಲ್ಟೇಜನ್ನು 5.1ರಲ್ಲೇ ಹಿಡಿದಿಡುವ ಜೀನರ್ ಡಯೋಡ್ ಮೇಲೆ. ಅಂದರೆ ಗೇಟನ್ನು ನೆಲದವರೆಗೆ (ಗ್ರೌಂಡ್, ಸೊನ್ನೆ ವೋಲ್ಟ್) ಎಳೆದರೂ ಆ 5.6ರದ್ದು ಪೂರ್ತಿ ಮುಚ್ಚುವ ಮಾತೇ ಇಲ್ಲ. ಬೇಗ ಮುಚ್ಚುವವು ಸದಾ ಮುಚ್ಚೇ ಇದ್ದವು, ತಡವಾಗಿ ಮುಚ್ಚುವವು ಸದಾ ತೆರೆದೇ ಇದ್ದವು. ಎಂಟರಲ್ಲಿ ನಿಜವಾಗಿ ಓಡಾಡುತ್ತಿದ್ದವು ಮೂರು. ಗೇಟ್ ವೋಲ್ಟೇಜ್ ಹೊಂದಿಸುವ ಟ್ರಿಮ್ ಪಾಟ್ ತಿರುಗಿಸಿದರೆ ಬೇರೆ ಮೂರು.

ದೋಸ್ತ ಕೇಳಿ ಅಂದ: "ಲೇ, ಪಂಖಾ ತಿರಗಿದಂಗ ಕೇಳಾಕತ್ತೈತಲೇ." ಹಬ್ಬಕ್ಕೆ ಎರಡು ದಿನ ಇತ್ತು. ಬಿಚ್ಚಲು ಹೋಗಿ ಬೋರ್ಡಿನ ತಾಮ್ರವೇ ಎದ್ದು ಬಂತು. ಅವನು ಫೇಸರ್ ಇಲ್ಲದೇ ನುಡಿಸಿದ.

ನಾಚಿಕೆ ಏನಂದರೆ, ಈ ಬಾಗಿಲು ಮುಚ್ಚುವ ವೋಲ್ಟೇಜ್, ಅಂದರೆ ಪಿಂಚ್ ಆಫ್ ವೋಲ್ಟೇಜ್, ಅಳೆಯುವುದೇ ನಮ್ಮ ಲ್ಯಾಬಿನ ಒಂದು ಪ್ರಯೋಗ ಆಗಿತ್ತು. ನಾನು ಸೀನಿಯರ್ ಜರ್ನಲ್ ನೋಡಿ ಅಂಕಿ ಇಳಿಸಿಕೊಂಡಿದ್ದೆ. ಅಳೆಯೋದು ಐದು ನಿಮಿಷದ ಕೆಲಸ: ಡ್ರೇನ್ 9 ವೋಲ್ಟ್‌ಗೆ, ಗೇಟ್ ನೆಲಕ್ಕೆ, ಸೋರ್ಸ್‌ನಿಂದ ನೆಲಕ್ಕೆ 1 ಮೆಗಾ ಓಂ. ಸೋರ್ಸ್ ಮೇಲೆ ಮಲ್ಟಿಮೀಟರ್ ತೋರಿಸುವುದೇ ಹೆಚ್ಚುಕಡಿಮೆ ಆ ವೋಲ್ಟೇಜ್. ಬೆರಳ ಬಿಸಿಗೂ ಅಂಕಿ ಸರಿಯುತ್ತದೆ, ಮುಟ್ಟಿದ ಮೇಲೆ ಒಂದು ನಿಮಿಷ ಕಾಯಿರಿ.

ಹಾಗಾಗಿ ನಾಲ್ಕಾ, ಎಂಟಾ ಅನ್ನೋ ಪ್ರಶ್ನೆಯೇ ಈಗ ಬೇಡ. ನನ್ನ ಕೇಳಿದರೆ ಸಿಂಥ್‌ಗೆ ಜೆಫೆಟ್ಟೇ ಬೇಡ. ಎಲ್‌ಎಂ13700 ಅನ್ನೋ ಆಂಪ್ಲಿಫೈಯರ್ ಚಿಪ್ ತಗೊಳ್ಳಿ. ಒಂದು ಚಿಪ್‌ನಲ್ಲಿ ಎರಡು ಹಂತ ಆಗುತ್ತದೆ, ಜೋಡಿ ಹುಡುಕುವ ಗೋಜಿಲ್ಲ. ಸ್ಮಾಲ್ ಸ್ಟೋನ್ ಫೇಸರ್‌ನಲ್ಲೂ ಇದೇ ಜಾತಿಯ ಚಿಪ್ ಇದೆ. ಅದನ್ನು ಮಾಡಿದ ಡೇವಿಡ್ ಕಾಕರೆಲ್ ಮೊದಲು ವಿಸಿಎಸ್3 ಸಿಂಥ್‌ನ ಸರ್ಕ್ಯೂಟ್ ಬರೆದವನು. ಸಿಂಥ್‌ನವನೇ ಆ ದಾರಿ ಹಿಡಿದ, ನಮಗೇನು ಬಿಂಕ?

ಇನ್ನೊಂದು. ಸಿಂಥ್‌ನ ಸಿಗ್ನಲ್ ಗಿಟಾರ್‌ಗಿಂತ ಬಹಳ ಜೋರು. ಜೆಫೆಟ್ ಆಗಲಿ ಈ ಚಿಪ್ ಆಗಲಿ ಅಷ್ಟನ್ನು ತಡೆಯಲ್ಲ, ದನಿ ಒಡೆಯುತ್ತದೆ. ಒಳಗೆ ಬರುವಾಗ ಎರಡು ರೆಸಿಸ್ಟರ್ ಹಾಕಿ ಇಳಿಸಿ, ಹೊರಗೆ ಹೋಗುವಾಗ ಏರಿಸಿ.

ಪರೀಕ್ಷೆಗೆ ಸೈನ್ ವೇವ್ ಹಾಕಬೇಡಿ, ಸುಮ್ನೆ ದನಿ ಏರಿಳಿದಂತೆ ಕೇಳುತ್ತದೆ. ಮೇಲಿನ ಫ್ರೀಕ್ವೆನ್ಸಿಗಳೂ ತುಂಬಿರುವ ಸಾಟೂತ್ ವೇವ್ ಹಾಕಿ. ನಾನು ಈಗ ಎಲೆಕ್ಟ್ರಾನಿಕ್ ತಂಬೂರಿ ಹಚ್ಚುತ್ತೇನೆ. ಧಾರವಾಡದಲ್ಲಿ ಅದು ಯಾರ ಮನೆಯಲ್ಲಾದರೂ ಸಿಗುತ್ತದೆ ಅಲ್ವಾ, ತಂತಿಯ ಜವಾರಿ ಝೇಂಕಾರ ತುಂಬಿದ ಆ ದನಿಯಲ್ಲಿ ತಗ್ಗು ಎಲ್ಲಿ ಓಡುತ್ತಿದೆ ಅಂತ ಸ್ಪಷ್ಟ ಕೇಳುತ್ತದೆ.

ಇಷ್ಟಾದರೂ ಜೆಫೆಟ್ಟೇ ಬೇಕು ಅಂದರೆ, ಆ ಎಂಟೂ ನನ್ನ ಹತ್ತಿರ ಇವೆ. ಒಂದೊಂದಕ್ಕೂ ವೋಲ್ಟ್ ಬರೆದ ಚೀಟಿ ಅಂಟಿಸಿದ್ದೇನೆ. ಈ ಕಡೆ ಬಂದರೆ ಒಯ್ಯಿರಿ. 5 ದಾಟಿದವನ್ನು ಮಾತ್ರ ಮುಟ್ಟಬೇಡಿ.