5 ತಿಂಗಳಿಗೇ ಓಟ ಬೇಡ, ಮೊದಲು ತೊಡೆ ಅಳೆಯಿರಿ

ಮೇಡಂ, ಫೌಜಿನಲ್ಲಿರುವ ತಮ್ಮನಿಗೆ ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ನಾರು) ಆಪರೇಷನ್ ಆಗಿ 5 ತಿಂಗಳು, ನೋವಿಲ್ಲ, ಹಲಸೂರು ಕೆರೆ ಹತ್ತಿರ 5 ಕಿಲೋಮೀಟರ್ ಓಟ ಶುರು ಮಾಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ತಡೆಯಿರಿ. ನಾನೂ ಸೇನೆಯ ಎಂಇಜಿಯಲ್ಲಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಇದ್ದವನು, ನನಗೂ ಇದೇ ಆಪರೇಷನ್ ಆಗಿತ್ತು.

ನೋವು ಬೇಗ ಹೋಗುತ್ತದೆ, ಆದರೆ ಒಳಗೆ ಕೂರಿಸಿದ ನಾರು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಅವನು ಸುಮ್ನೆ ಓಡಿದರೆ ಸಾಲದು ಅಲ್ವಾ? ಫೌಜಿನ ಫಿಟ್ನೆಸ್ ಪರೀಕ್ಷೆಯಲ್ಲಿ ಬೆನ್ನಿಗೆ ಪ್ಯಾಕ್, ಕೈಯಲ್ಲಿ ರೈಫಲ್ ಹಿಡಿದು 9 ಅಡಿ ಹಳ್ಳ ಜಿಗಿಯಬೇಕು. 9 ತಿಂಗಳಿಗೆ ಮುಂಚೆ ಅಂಥದ್ದಕ್ಕೆ ಇಳಿದರೆ ಆ ನಾರು ಮತ್ತೆ ಹರಿದುಹೋಗುವ ಅಪಾಯ ಜಾಸ್ತಿ.

ಇವತ್ತೇ ಒಂದು ಕೆಲಸ ಮಾಡಿ. ಟೈಲರ್ ಟೇಪ್ ತಗೊಂಡು, ಮಂಡಿಚಿಪ್ಪಿನಿಂದ ಒಂದು ಗೇಣು ಮೇಲೆ ಎರಡೂ ತೊಡೆಯ ಸುತ್ತಳತೆ ನೋಡಿ. ನನಗೆ ಆಪರೇಷನ್ ಆದ ಕಾಲಿನ ತೊಡೆ 6ನೇ ತಿಂಗಳಲ್ಲೂ 2 ಸೆಂಟಿಮೀಟರ್ ಸಣ್ಣ ಇತ್ತು. ಆಮೇಲೆ ಕನ್ನಡಿ ಮುಂದೆ ಒಂಟಿ ಕಾಲಲ್ಲಿ ಮೆಲ್ಲಗೆ ಅರ್ಧ ಕೂರಲಿ, ನೀವು ಕೈ ಹಿಡಿದುಕೊಳ್ಳಿ. ಮಂಡಿ ಒಳಗೆ ವಾಲಿದರೆ ಬಲ ಇನ್ನೂ ಬಂದಿಲ್ಲ.

ಶೇಪ್-1 (ಸೇನೆಯಲ್ಲಿ ಪೂರ್ತಿ ಫಿಟ್ ಅನ್ನುವ ದರ್ಜೆ) ಹೋಯಿತಲ್ಲ ಅನ್ನುವ ಸಂಕಟ ನನಗೆ ಗೊತ್ತು. ಆದರೆ ತಾತ್ಕಾಲಿಕ ಲೋ ಮೆಡಿಕಲ್ ಕೆಟಗರಿ ಅಂದರೆ ಕೆಲಸ ಹೋಯಿತು ಅಂತಲ್ಲ. ಮತ್ತೆ ಮೆಡಿಕಲ್ ಬೋರ್ಡ್ ಕೂರುತ್ತದೆ, ಮೇಲಕ್ಕೂ ಏರಿಸುತ್ತದೆ. ಹಳೇ ವಿಮಾನ ನಿಲ್ದಾಣ ರಸ್ತೆಯ ಕಮಾಂಡ್ ಆಸ್ಪತ್ರೆಯಲ್ಲಿ ಫಿಸಿಯೋ ಅವರಿಗೆ ಆ ಅಳತೆ ತೋರಿಸಿ. ಓಟ ಯಾವಾಗ ಅಂತ ಅವರೇ ಹೇಳಲಿ.