ಟರ್ಬೊ ಕಾರಿನಲ್ಲಿ ಬರೀ ಸಾಫ್ಟ್‌ವೇರ್ ಬದಲಿಸಿದರೆ ಶಕ್ತಿ ಹೆಚ್ಚುವುದು ಹೇಗೆ?

ಟರ್ಬೊ ಎಂಜಿನ್ನಿಗೆ ಎಷ್ಟು ಒತ್ತಡದಲ್ಲಿ ಗಾಳಿ ತುಂಬಬೇಕೆಂಬುದನ್ನು ನಿರ್ಧರಿಸುವುದು ಅದರ ನಿಯಂತ್ರಣ ಕಂಪ್ಯೂಟರ್. ಅದರ ಸಾಫ್ಟ್‌ವೇರ್‌ನಲ್ಲಿ ಆ ಒತ್ತಡದ ಮಿತಿಯನ್ನು ಏರಿಸಿದರೆ ಶಕ್ತಿಯೂ ಏರುತ್ತದೆ. ಗಾಳಿ ನೂಕುವ ಟರ್ಬೊವನ್ನು ತಿರುಗಿಸುವ ಚಕ್ರವಾದ ಟರ್ಬೈನಿಗೆ ಹೋಗುವ ಎಂಜಿನ್ ಹೊಗೆಯಲ್ಲಿ ಒಂದಿಷ್ಟನ್ನು ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ಎಂಬ ಬಾಗಿಲನ್ನು ಹೆಚ್ಚು ಹೊತ್ತು ಮುಚ್ಚಿಟ್ಟಾಗ ಟರ್ಬೊ ಇನ್ನೂ ವೇಗವಾಗಿ ತಿರುಗಿ ಸಿಲಿಂಡರಿಗೆ ಹೆಚ್ಚು ಗಾಳಿ ನೂಕುತ್ತದೆ. ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಅದರ ಸುಮಾರು 14.7 ಪಟ್ಟು ಗಾಳಿ ಬೇಕಾಗುವುದರಿಂದ, ಗಾಳಿ ಹೆಚ್ಚಿದಷ್ಟೂ ಇಂಧನವನ್ನೂ ಹೆಚ್ಚು ಉರಿಸಬಹುದು.

ಆದರೆ ಒತ್ತಿದ ಗಾಳಿ ಬಿಸಿಯಾಗುತ್ತದೆ, ಬಿಸಿ ಮಿಶ್ರಣ ತಾನಾಗಿಯೇ ಸಿಡಿದರೆ ಪಿಸ್ಟನ್ ಒಡೆಯಬಹುದು. ಆದ್ದರಿಂದ ಗಾಳಿಯನ್ನು ತಣಿಸುವ ಸಮರ್ಥ ಇಂಟರ್‌ಕೂಲರ್ ಮತ್ತು ಸುಲಭವಾಗಿ ತಾನಾಗಿ ಸಿಡಿಯದ ಹೆಚ್ಚಿನ ಆಕ್ಟೇನ್ ಪೆಟ್ರೋಲ್ ಇಲ್ಲದೆ ಒತ್ತಡ ಏರಿಸುವುದನ್ನು ನಾನು ಒಪ್ಪುವುದಿಲ್ಲ. ಅದಕ್ಕೂ ಮೀರಿದ ಶಕ್ತಿಗೆ ದೊಡ್ಡ ಟರ್ಬೊ ಬೇಕಾಗುತ್ತದೆ: ಏಳನೇ ಪೀಳಿಗೆಯ ಫೋಕ್ಸ್‌ವ್ಯಾಗನ್ ಗಾಲ್ಫ್‌ನಲ್ಲಿ ಒಂದೇ ಬಗೆಯ 1984 ಸಿಸಿ ಎಂಜಿನ್ ಜಿಟಿಐ ಮಾದರಿಗೆ 220, ದೊಡ್ಡ ಟರ್ಬೊ ಹೊತ್ತ ಆರ್ ಮಾದರಿಗೆ 300 ಅಶ್ವಶಕ್ತಿ ಕೊಡುತ್ತಿತ್ತು.