ಪ್ರತಿಕ್ರಿಯೆ: ತಾಮ್ರದ ಸೋಡಾ-ಆಸಿಡ್ ಸಿಲಿಂಡರ್ ಒಳಗಿನ ಸದ್ದು

ಬ್ರಿಟಿಷರ ಕಾಲದ ಅಗ್ನಿಶಾಮಕ ಸಿಲಿಂಡರ್ ಅಲ್ಲಾಡಿಸಿದರೆ ಗಾಜಿನ ಸದ್ದು ಬರುತ್ತದೆ, ಬಿಚ್ಚಿ ಪಾಲಿಶ್ ಮಾಡಬಹುದಾ ಅಂತ ಕೇಳಿದ್ದೀರಿ. ಮೊದಲು ಅಲ್ಲಾಡಿಸುವುದು ನಿಲ್ಲಿಸಿ, ನೆಟ್ಟಗೆ ನಿಲ್ಲಿಸಿಡಿ. ಸೋಡಾ-ಆಸಿಡ್ ಮಾದರಿಯಾದರೆ ಒಳಗಿರುವುದು ಗಂಧಕಾಮ್ಲದ (ಸಲ್ಫ್ಯೂರಿಕ್ ಆಸಿಡ್) ಗಾಜಿನ ಬಾಟಲಿ. ಅದು ಒಡೆದು, ಸಿಲಿಂಡರಿನಲ್ಲಿರುವ ಅಡುಗೆ ಸೋಡಾ ಕರಗಿಸಿದ ನೀರಿಗೆ ಆಸಿಡ್ ಬೆರೆತರೆ ಇಂಗಾಲದ ಡೈಆಕ್ಸೈಡ್ ಒತ್ತಡ ಕಟ್ಟುತ್ತದೆ. ನಾಜಲ್ ಕಟ್ಟಿಕೊಂಡಿದ್ದರೆ ಹಳೇ ಬೆಸುಗೆ ಬಿಟ್ಟು ಸಿಡಿಯಬಹುದು. ದ್ರವ ಕುಲುಕಿದರೆ ನೀವೇ ಬಿಚ್ಚಬೇಡಿ, ಅಗ್ನಿಶಾಮಕ ಠಾಣೆಯವರನ್ನು ಕೇಳಿ. ಪೂರ್ತಿ ಒಣಗಿದ್ದರೂ ಕನ್ನಡಕ, ರಬ್ಬರ್ ಗ್ಲೌಸ್ ಬೇಕು: ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ, ಬುಸ್ ಎಂದರೆ ಅಲ್ಲೇ ಬಿಡಿ. ಸುತ್ತಿಗೆ ಬೇಡವೇ ಬೇಡ.

ಪಾಲಿಶ್? ಹುಣಸೆಹಣ್ಣು, ಉಪ್ಪು ಹಚ್ಚಿದರೆ ಹಳೇ ಕಂದು ಬಣ್ಣ ಹೋಗಿ ಹಸಿ ಗುಲಾಬಿ ತಾಮ್ರ ಉಳಿಯುತ್ತದೆ, ಬೆಲೆಯೂ ಇಳಿಯುತ್ತದೆ. ತಯಾರಕರ ಹೆಸರಿನ ಹಿತ್ತಾಳೆ ಪಟ್ಟಿಯನ್ನಂತೂ ಉಜ್ಜಬೇಡಿ, ಅಕ್ಷರ ಸವೆಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ತೆಳುವಾಗಿ ಮೇಣ ಹಚ್ಚಿದರೆ ಸಾಕು.